‘ಗಟ್ಟಿಯಾಗಿದೆ ಸಾರ್’ ಅಂದ್ರೆ ಎಷ್ಟು ಗಟ್ಟಿ? ಪೀಣ್ಯ ಫ್ಲೈಓವರ್, ನಿಮ್ಮ ಮನೆ ಪಿಲ್ಲರ್ ಮತ್ತು ಗೊತ್ತಿಲ್ಲದ್ದನ್ನ ಲೆಕ್ಕ ಹಾಕೋ ವಿದ್ಯೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ನೀವು ಈಗ ಬಿಎಂಟಿಸಿ ಬಸ್ಸಲ್ಲಿ ನಿಂತ್ಕೊಂಡು, ಗೊರಗುಂಟೆಪಾಳ್ಯ ಸಿಗ್ನಲ್ ಬಿಡೋದನ್ನೇ ಕಾಯ್ತಾ ಇದನ್ನ ಕೇಳ್ತಿದ್ರೆ, ಒಂದ್ಸಲ ಕಿಟಕಿಯಿಂದ ತಲೆ ಎತ್ತಿ ನೋಡಿ. ತುಮಕೂರು ರಸ್ತೆ ಮೇಲೆ ಪೀಣ್ಯದ ಕಡೆ ಹೋಗೋ ಎಲಿವೇಟೆಡ್ ಫ್ಲೈಓವರ್ ಕಾಣುತ್ತೆ. ಸುಮಾರು ನಾಲ್ಕು ಕಿಲೋಮೀಟರ್ ಉದ್ದ. 2010ರಲ್ಲಿ ಓಡಾಟಕ್ಕೆ ತೆರೆದಿದ್ದು.

2021ರ ಡಿಸೆಂಬರ್ 25. ಕ್ರಿಸ್‌ಮಸ್ ದಿನ. ಆವತ್ತು ಆ ಫ್ಲೈಓವರನ್ನ ಪೂರ್ತಿ ಬಂದ್ ಮಾಡಿದ್ರು. 102 ಮತ್ತು 103ನೇ ಪಿಲ್ಲರ್ ನಡುವಿನ ಭಾಗದಲ್ಲಿ, ಒಳಗಿನ ಕೇಬಲ್‌ಗಳು ಹಾಳಾಗಿರೋದು ಕಂಡುಬಂದಿತ್ತು. ಕಟ್ಟಿ ಹನ್ನೊಂದೇ ವರ್ಷ. ಹೊರಗಿಂದ ನೋಡಿದ್ರೆ ಗಟ್ಟಿಮುಟ್ಟಾಗಿ ನಿಂತಿದೆ.

ಈಗ ನೀವೇ ಎಂಜಿನಿಯರ್ ಅಂದ್ಕೊಳ್ಳಿ. ಒಂದು ಕಡೆ ಕೇಬಲ್ ಹಾಳಾಗಿದೆ ಅಂತ ಗೊತ್ತು. ಬೇರೆ ಕಡೆ? ಕೇಬಲ್ಲು ಕಾಂಕ್ರೀಟಿನ ಒಳಗಿದೆ, ಕಣ್ಣಿಗೆ ಕಾಣಲ್ಲ. ಕೆಳಗೆ ಊರಿಗೆ ಊರೇ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಿದೆ. ಮೈಕು ಹಿಡ್ಕೊಂಡವರು ಕೇಳ್ತಾರೆ: ‘ಸಾರ್, ಸೇಫಾ, ಇಲ್ವಾ?’

‘ಶೇಕಡ ಇಷ್ಟು ಸೇಫ್’ ಅಂತ ಹೇಳಕ್ಕೆ ಡೇಟಾ ಬೇಕು. ಇದೇ ಥರ ಕಟ್ಟಿದ, ಇದೇ ಥರ ಹಾಳಾದ ನೂರಾರು ಫ್ಲೈಓವರ್‌ಗಳ ಲೆಕ್ಕ ಬೇಕು. ಅದು ಇಲ್ಲ. ಇರೋದು ಒಂದೇ ಫ್ಲೈಓವರ್.

ಇವತ್ತಿನ ಸಂಚಿಕೆ ಅದರ ಬಗ್ಗೆ. ಸಂಭವನೀಯತೆಯ ಲೆಕ್ಕ ಕೈಗೆ ಸಿಗದಿದ್ದಾಗ, ಗೊತ್ತಿಲ್ಲದ್ದನ್ನ ಇಟ್ಕೊಂಡೇ ಸರಿಯಾದ ನಿರ್ಧಾರ ಮಾಡೋದು ಹೇಗೆ? ಇದು ಫ್ಲೈಓವರ್ ಕಥೆ ಮಾತ್ರ ಅಲ್ಲ. ನಿಮ್ಮ ಮನೆ ಮೇಲೆ ಇನ್ನೊಂದು ಫ್ಲೋರ್ ಎತ್ತೋ ಮಾತು ಬಂದಾಗಲೂ ಇದೇ ಪ್ರಶ್ನೆ.

ಆರ್‌ಟಿ ನಗರದ ಒಂದು ಮನೆ

ಒಂದು ಊಹೆಯ ಮನೆ ತಗೊಳ್ಳೋಣ. ಆರ್‌ಟಿ ನಗರದಲ್ಲಿ, 30-40 ಸೈಟು. 1980ರ ದಶಕದಲ್ಲಿ ಕಟ್ಟಿದ್ದು. ಕೆಳಗೆ ಮನೆ, ಮೇಲೊಂದು ಮಹಡಿ. ಅಪ್ಪ ರಿಟೈರ್ ಆಗಿದ್ದಾರೆ. ಇನ್ನೊಂದು ಫ್ಲೋರ್ ಹಾಕಿ ಬಾಡಿಗೆಗೆ ಕೊಟ್ರೆ ತಿಂಗಳ ಖರ್ಚು ಆರಾಮಾಗಿ ನಡೆಯುತ್ತೆ. ಡ್ರಾಯಿಂಗ್ ಎಲ್ಲಿ ಹೋಯ್ತೋ ಗೊತ್ತಿಲ್ಲ. ಕಟ್ಟಿದವರು ಈಗಿಲ್ಲ.

ಮೇಸ್ತ್ರಿನ ಕರೆಸ್ತಾರೆ.

‘ಏನ್ ಮೇಸ್ತ್ರಿ, ಇನ್ನೊಂದ್ ಮೋಲ್ಡ್ ತಡಿಯುತ್ತಾ?’

ಮೇಸ್ತ್ರಿ ಪಿಲ್ಲರ್ ಮೇಲೆ ಎರಡು ಸಲ ಕೈ ಬಡಿದು ನೋಡ್ತಾರೆ. ‘ಏನೂ ಯೋಚ್ನೆ ಮಾಡ್ಬೇಡಿ ಸಾರ್. ಹಳೇ ಕಾಲದ ಕೆಲ್ಸ, ಗಟ್ಟಿಯಾಗಿದೆ.’

ಮೇಸ್ತ್ರಿ ಸುಳ್ಳು ಹೇಳ್ತಿಲ್ಲ. ಅವರ ಅನುಭವದಲ್ಲಿ ನೂರು ಮನೆ ಎತ್ತಿದ್ದಾರೆ, ಒಂದೂ ಬಿದ್ದಿಲ್ಲ. ಆದ್ರೆ ‘ಗಟ್ಟಿ’ ಅನ್ನೋದು ಅಳತೆ ಅಲ್ಲ. ಅದನ್ನ ಅಳತೆಗೆ ತರೋಣ.

ಒಂದೇ ಒಂದು ಪಿಲ್ಲರ್ ನೋಡೋಣ. 9 ಇಂಚು, 12 ಇಂಚು. ಅಂದ್ರೆ 230ಕ್ಕೆ 300 ಮಿಲಿಮೀಟರ್. ಇದರ ಮೇಲೆ ಪ್ರತಿ ಮಹಡಿಯಲ್ಲೂ 3 ಮೀಟರ್‌ಗೆ 4 ಮೀಟರ್ ಜಾಗದ ಭಾರ ಬರುತ್ತೆ, 12 ಚದರ ಮೀಟರ್. ಇಷ್ಟನ್ನ ಟೇಪ್ ಹಿಡಿದು ಅಳೆಯಬಹುದು. ಇದು ‘ಗೊತ್ತಿರೋದು’.

ಇನ್ನು ಗೊತ್ತಿಲ್ಲದ್ದು. ಒಂದು ಚದರ ಮೀಟರ್‌ಗೆ ಎಷ್ಟು ತೂಕ? ಸ್ಲ್ಯಾಬು, ಗೋಡೆ, ನೆಲದ ಕಲ್ಲು, ಒಳಗಿರೋ ಜನ, ಸಾಮಾನು ಎಲ್ಲ ಸೇರಿ 0.8 ಟನ್ನಿಂದ 1.2 ಟನ್ ಅಂತ ಇಟ್ಕೊಳ್ಳೋಣ. ಕಾಂಕ್ರೀಟು? ಸೈಟಲ್ಲೇ ಕೈಯಲ್ಲಿ ಕಲಸಿದ್ದು. ಎಂ10ರಷ್ಟು ದುರ್ಬಲ ಇರಬಹುದು, ಎಂ20ರಷ್ಟು ಚೆನ್ನಾಗೂ ಇರಬಹುದು. ಎಂ20 ಅಂದ್ರೆ ಒಂದು ಚದರ ಮಿಲಿಮೀಟರ್‌ಗೆ 20 ನ್ಯೂಟನ್ ಒತ್ತಡ ತಡೆಯೋ ಕಾಂಕ್ರೀಟು. ಒಳಗಿರೋ ಕಂಬಿ? 12 ಎಂಎಂ ನಾಲ್ಕು ಇರಬಹುದು, ಸ್ವಲ್ಪ ತುಕ್ಕು ತಿಂದಿರಬಹುದು. 16 ಎಂಎಂ ಆರು ಇರಬಹುದು. ಹಳೇ ನುಣುಪು ಕಂಬಿಯೋ, ಹೆಚ್ಚು ಬಲದ ಟಾರ್ ಕಂಬಿಯೋ, ಅದೂ ಗೊತ್ತಿಲ್ಲ.

ಇಲ್ಲಿ ಒಂದು ಮುಖ್ಯ ವಿಷಯ ಗಮನಿಸಿ. ನಾನು ಯಾವುದಕ್ಕೂ ‘ಇದೇ’ ಅಂತ ಒಂದು ನಂಬರ್ ಕೊಡಲಿಲ್ಲ. ‘ಇಷ್ಟರಿಂದ ಇಷ್ಟು’ ಅಂತ ಎರಡು ತುದಿ ಕೊಟ್ಟೆ. ಆ ಎರಡು ತುದಿ ನಡುವೆ ಯಾವುದು ಹೆಚ್ಚು ಸಾಧ್ಯ, ಯಾವುದು ಕಡಿಮೆ ಸಾಧ್ಯ ಅಂತನೂ ಹೇಳಲಿಲ್ಲ. ಯಾಕಂದ್ರೆ ನನಗದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳದೇ ಇರೋದೇ ಈ ವಿಧಾನದ ಮೊದಲ ನಿಯಮ.

ಸರಾಸರಿ ಮಾಡೋ ಮೋಸ

ಈಗ ಲೆಕ್ಕ. ನಮ್ಮ ದೇಶದ ಕಾಂಕ್ರೀಟ್ ಕಟ್ಟಡಗಳ ನಿಯಮ ಐಎಸ್ 456. ಅದರ ಸೂತ್ರದಲ್ಲಿ ಈ ಎರಡೂ ತುದಿ ಹಾಕಿ, ಭಾರಕ್ಕೆ ಅದು ಕೇಳೋ 1.5 ಪಟ್ಟು ಸುರಕ್ಷತೆಯ ಅಂತರವನ್ನೂ ತೆಗೆದಿಟ್ರೆ, ನಮ್ಮ ಪಿಲ್ಲರ್ ಹೊರಬಹುದಾದ ಭಾರ ಸುಮಾರು 23 ಟನ್ನಿಂದ 59 ಟನ್. ಇಷ್ಟು ದೊಡ್ಡ ಅಂತರ! ಒಂದೇ ಪಿಲ್ಲರ್, ಹೊರಗಿಂದ ಒಂದೇ ಥರ ಕಾಣುತ್ತೆ.

ಮೂರನೇ ಮೋಲ್ಡ್ ಹಾಕಿದ ಮೇಲೆ ಬರೋ ಭಾರ? 12 ಚದರ ಮೀಟರ್, ಮೂರು ಮಹಡಿ. ಕಡಿಮೆ ಅಂದ್ರೆ 29 ಟನ್, ಹೆಚ್ಚು ಅಂದ್ರೆ 43 ಟನ್.

ಸರಾಸರಿ ತಗೊಂಡು ನೋಡಿ. ಹೊರೋ ಶಕ್ತಿ 23 ಮತ್ತು 59ರ ಮಧ್ಯ, 41 ಟನ್. ಬರೋ ಭಾರ 29 ಮತ್ತು 43ರ ಮಧ್ಯ, 36 ಟನ್. 41ರ ಮುಂದೆ 36. ‘ಪಾಸ್! ಎತ್ತಿ ಮೋಲ್ಡು!’

ಅತಿ ಕೆಟ್ಟ ಜೋಡಿ ತಗೊಂಡು ನೋಡಿ. ಹೊರೋ ಶಕ್ತಿ 23, ಬರೋ ಭಾರ 43. ಬೇಕಾದ್ದರ ಅರ್ಧದಷ್ಟು ಮಾತ್ರ ಇದೆ.

ಅದೇ ಮನೆ, ಅದೇ ಮಾಹಿತಿ. ಒಂದು ಲೆಕ್ಕ ‘ಕಟ್ಟು’ ಅನ್ನುತ್ತೆ, ಇನ್ನೊಂದು ‘ಕೈ ಹಾಕ್ಬೇಡ’ ಅನ್ನುತ್ತೆ. ಸರಾಸರಿ ತಪ್ಪು ಲೆಕ್ಕ ಅಲ್ಲ, ಆದ್ರೆ ತಪ್ಪು ಪ್ರಶ್ನೆಗೆ ಉತ್ತರ. ಕಟ್ಟಡಗಳು ಸರಾಸರಿಯಲ್ಲಿ ಬೀಳಲ್ಲ. ತುದಿಯಲ್ಲಿ ಬೀಳ್ತವೆ.

‘ಸರಿ, ಹಾಗಾದ್ರೆ ಸಂಭವನೀಯತೆ ಹಾಕಿಯೇ ಲೆಕ್ಕ ಮಾಡಬಹುದಲ್ವಾ?’ ಅಂತ ಕೇಳಬಹುದು. ಡೇಟಾ ಇದ್ದಾಗ ಖಂಡಿತ ಮಾಡಬೇಕು. ಐಎಸ್ 456 ಒಳಗೇ ಅದು ಇದೆ. ಹೊಸ ಅಪಾರ್ಟ್‌ಮೆಂಟ್ ಕಟ್ಟೋವಾಗ ಕಾಂಕ್ರೀಟನ್ನ 150 ಎಂಎಂ ಕ್ಯೂಬ್‌ಗಳಲ್ಲಿ ತುಂಬಿ, 28 ದಿನ ಆದ ಮೇಲೆ ಒತ್ತಿ ನೋಡ್ತಾರಲ್ಲ, ಅಲ್ಲಿ ಎಂ25 ಅಂದ್ರೆ ಅರ್ಥವೇ ಇದು: ಟೆಸ್ಟ್ ಫಲಿತಾಂಶಗಳಲ್ಲಿ ಶೇ 5ಕ್ಕಿಂತ ಹೆಚ್ಚು 25ಕ್ಕಿಂತ ಕೆಳಗೆ ಹೋಗಬಾರದು ಅನ್ನೋ ನಿರೀಕ್ಷೆ. ಅಲ್ಲಿ ಕ್ಯೂಬ್ ಇದೆ, ಟೆಸ್ಟ್ ಇದೆ, ಲೆಕ್ಕ ಇದೆ.

ಆರ್‌ಟಿ ನಗರದ ನಮ್ಮ ಮನೆಗೆ ಒಂದು ಕ್ಯೂಬ್ ಕೂಡ ಇಲ್ಲ. ಅಲ್ಲಿ ‘ಬೀಳೋ ಸಾಧ್ಯತೆ ಲಕ್ಷಕ್ಕೆ ಒಂದು’ ಅಂತ ಯಾರಾದ್ರೂ ಹೇಳಿದ್ರೆ, ಆ ನಂಬರ್ ಬಂದಿದ್ದು ಪಿಲ್ಲರಿಂದ ಅಲ್ಲ, ಅವರ ಊಹೆಯಿಂದ. ಊಹೆಯ ಗ್ರಾಫ್ ಆಕಾರ ಸ್ವಲ್ಪ ಬದಲಾಯಿಸಿ, ಲಕ್ಷಕ್ಕೆ ಒಂದು ಇದ್ದದ್ದು ಸಾವಿರಕ್ಕೆ ಒಂದು ಆಗಿಬಿಡಬಹುದು. ಮಧ್ಯಭಾಗ ಹಾಗೇ ಇರುತ್ತೆ, ತುದಿ ಮಾತ್ರ ಓಡಿಹೋಗುತ್ತೆ. ನಮಗೆ ಬೇಕಾಗಿರೋದು ಆ ತುದಿಯೇ.

ಇನ್ನೊಂದು ಅಪಾಯ ಇದೆ. ‘ಒಂದು ಪಿಲ್ಲರ್ ವೀಕ್ ಇದ್ರೂ ಪಕ್ಕದ್ದು ಸ್ಟ್ರಾಂಗ್ ಇರುತ್ತೆ ಬಿಡಿ’ ಅಂತ ಸಮಾಧಾನ ಮಾಡ್ಕೋತೀವಿ. ಇರುತ್ತಾ? ಎಲ್ಲ ಪಿಲ್ಲರಿಗೂ ಕಾಂಕ್ರೀಟ್ ಕಲಸಿದ್ದು ಅದೇ ಕೈ. ಅದೇ ಮರಳು, ಅದೇ ಸಿಮೆಂಟು. ಒಂದಕ್ಕೆ ನೀರು ಜಾಸ್ತಿ ಆಗಿದ್ರೆ ಎಲ್ಲಕ್ಕೂ ಜಾಸ್ತಿ ಆಗಿರಬಹುದು. ದುರ್ಬಲವಾದ್ರೆ ಎಲ್ಲ ಒಟ್ಟಿಗೇ ದುರ್ಬಲ.

ಆರ್ಕಿಮಿಡೀಸ್‌ಗೂ ಇದು ಗೊತ್ತಿತ್ತು

ಈ ‘ಎರಡು ತುದಿ’ ಲೆಕ್ಕ ಹೊಸದೇನಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಆರ್ಕಿಮಿಡೀಸ್ ‘ಪೈ’ ಬೆಲೆ ಹುಡುಕ್ತಾ ಒಂದು ನಂಬರ್ ಕೊಡಲಿಲ್ಲ. 223/71ಕ್ಕಿಂತ ಹೆಚ್ಚು, 22/7ಕ್ಕಿಂತ ಕಡಿಮೆ ಅಂದ. ನಿಖರ ಬೆಲೆ ಗೊತ್ತಿರಲಿಲ್ಲ. ಆದ್ರೆ ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಖಚಿತವಾಗಿ ಗೊತ್ತಿತ್ತು.

1966ರಲ್ಲಿ ಅಮೆರಿಕದ ಗಣಿತಜ್ಞ ರೇಮನ್ ಮೂರ್ ಇದನ್ನೇ ಕಂಪ್ಯೂಟರ್ ಲೆಕ್ಕಕ್ಕೆ ಅಳವಡಿಸಿ ‘ಇಂಟರ್ವಲ್ ಅನಾಲಿಸಿಸ್’ ಅಂತ ಪುಸ್ತಕ ಬರೆದರು. ಅದಕ್ಕೂ ಒಂದು ವರ್ಷ ಮೊದಲು, 1965ರಲ್ಲಿ, ಲಾಟ್ಫಿ ಝಾಡೆ ‘ಫಝಿ ಸೆಟ್’ ಅನ್ನೋ ಕಲ್ಪನೆ ತಂದರು. ಅದನ್ನ ಹೀಗೆ ಅರ್ಥ ಮಾಡ್ಕೊಳ್ಳಿ. ಅನುಭವಿ ಎಂಜಿನಿಯರನ್ನ ಕೇಳಿದ್ರೆ, ‘ಸಾಧಾರಣವಾಗಿ ಇದು 13ರಿಂದ 17 ಇರುತ್ತೆ, ಏನೇ ಆದ್ರೂ 10ರಿಂದ 20ರ ಹೊರಗೆ ಹೋಗಲ್ಲ’ ಅಂತಾರೆ. ಒಂದರೊಳಗೊಂದು ಕೂತ ಡಬ್ಬಿಗಳ ಹಾಗೆ. ಆ ಮಾತನ್ನ ಹಾಗೇ ಲೆಕ್ಕಕ್ಕೆ ತರೋ ದಾರಿ ಅದು.

1990ರಲ್ಲಿ ಯಾಕೋವ್ ಬೆನ್-ಹೈಮ್ ಮತ್ತು ಐಸಾಕ್ ಎಲಿಶಕಾಫ್ ಅನ್ನೋರು ಸಂಭವನೀಯತೆ ಇಲ್ಲದೆ ಯಂತ್ರ, ಕಟ್ಟಡಗಳ ಅನಿಶ್ಚಿತತೆ ಲೆಕ್ಕ ಹಾಕೋದರ ಬಗ್ಗೆಯೇ ಪುಸ್ತಕ ಬರೆದರು. ಮುಂದೆ ಬೆನ್-ಹೈಮ್ ಅದನ್ನ ‘ಇನ್ಫೋ-ಗ್ಯಾಪ್’ ಅನ್ನೋ ವಿಧಾನವಾಗಿ ಬೆಳೆಸಿದರು. ಅಲ್ಲಿ ಕೇಳೋ ಪ್ರಶ್ನೆ ನನಗೆ ತುಂಬ ಇಷ್ಟ. ‘ಬೀಳುತ್ತಾ?’ ಅಂತ ಕೇಳಲ್ಲ. ‘ನನ್ನ ಅಂದಾಜು ಎಷ್ಟು ತಪ್ಪಾಗಿದ್ರೂ ಇದು ನಿಲ್ಲುತ್ತೆ?’ ಅಂತ ಕೇಳುತ್ತೆ.

ನಮ್ಮ ಮನೆಗೆ ಹಾಕಿ ನೋಡೋಣ. ಈಗಿರೋ ಎರಡು ಮೋಲ್ಡಿಗೆ ಅಂದಾಜು ಭಾರ 24 ಟನ್, ಶಕ್ತಿ 41 ಟನ್. ಶಕ್ತಿಯನ್ನ ಜಾಸ್ತಿ ಅಂದಾಜು ಮಾಡಿ, ಭಾರವನ್ನ ಕಮ್ಮಿ ಅಂದಾಜು ಮಾಡಿ, ಎರಡೂ ಕಡೆ ತಪ್ಪು ಮಾಡಿದ್ದೀವಿ ಅಂದ್ಕೊಳ್ಳಿ. ಎರಡೂ ಶೇ 26ರಷ್ಟು ತಪ್ಪಾದ್ರೂ ಲೆಕ್ಕ ಪಾಸಾಗುತ್ತೆ. ಮೂರನೇ ಮೋಲ್ಡ್ ಹಾಕಿದ್ರೆ? 36 ಮತ್ತು 41. ಶೇ 6 ತಪ್ಪಾಗೋವರೆಗೆ ಮಾತ್ರ ಸರಿ. ಪಿಲ್ಲರಿನ ಒಳಗೇನಿದೆ ಅಂತ ನೋಡದೆ ಶೇ 6ರೊಳಗೆ ಕರಾರುವಾಕ್ಕಾಗಿ ಹೇಳೋ ಮನುಷ್ಯ ಯಾರಿದ್ದಾರೆ?

ಎಲ್ಲ ಜಾಸ್ತಿ ಆದ್ರೇನೇ ಕೆಟ್ಟದ್ದು ಅಂತಲ್ಲ

ಒಂದು ಸಣ್ಣ ತಿರುವು. ‘ಅತಿ ಕೆಟ್ಟ ಜೋಡಿ’ ಅಂದ್ರೆ ಎಲ್ಲ ಭಾರವನ್ನೂ ಜಾಸ್ತಿ ಇಟ್ಕೊಳ್ಳೋದು ಅಂತ ಅನ್ಸುತ್ತೆ. ಹಾಗಲ್ಲ.

ನಮ್ಮ ಬೀದಿಗಳಲ್ಲಿ ರಸ್ತೆ ಕಡೆ ಚಾಚಿಕೊಂಡ ಬಾಲ್ಕನಿ ನೋಡಿರ್ತೀರಿ. ಕೆಳಗೆ ಪಿಲ್ಲರ್ ಇರಲ್ಲ. ಅದು ಮುಂದಕ್ಕೆ ಬಾಗದ ಹಾಗೆ ತಡೆಹಿಡಿಯೋದು ಹಿಂದಿನ ಭಾಗದ ತೂಕ. ತಕ್ಕಡಿ ಇದ್ದ ಹಾಗೆ. ಬಾಲ್ಕನಿಯಲ್ಲಿ ಗಣೇಶನ ಮೆರವಣಿಗೆ ನೋಡಕ್ಕೆ ಜನ ತುಂಬಿ ನಿಂತಿದ್ದಾರೆ, ಆ ಕಡೆ ಭಾರ ಜಾಸ್ತಿ. ಅದೇ ಹೊತ್ತಲ್ಲಿ ಹಿಂದಿನ ಸ್ಲ್ಯಾಬು ನಾವು ಅಂದ್ಕೊಂಡಿದ್ದಕ್ಕಿಂತ ತೆಳು, ತೂಕ ಕಡಿಮೆ. ಇಲ್ಲಿ ಕೆಟ್ಟ ಜೋಡಿ ಅಂದ್ರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ.

ಅದಕ್ಕೇ ಐಎಸ್ 456ರಲ್ಲಿ, ಮಗುಚಿ ಬೀಳೋ ಅಪಾಯ ಇರೋ ಕಡೆ ಹಿಡಿದಿಡೋ ಸ್ವಂತ ತೂಕವನ್ನ 1.5 ಪಟ್ಟು ಹೆಚ್ಚಿಸೋ ಬದಲು 0.9ಕ್ಕೆ ಇಳಿಸಿ ಲೆಕ್ಕ ಮಾಡಿ ಅಂತ ಹೇಳಿದ್ದಾರೆ. ನಿಮಗೆ ಸಹಾಯ ಮಾಡೋ ತೂಕವನ್ನ ಪೂರ್ತಿ ನಂಬಬೇಡಿ ಅಂತ. ಮನೆ ರಿಪೇರಿ ಮಾಡೋವಾಗ ಬಾಲ್ಕನಿ ಹಿಂದಿನ ಗೋಡೆ ಒಡೆದು ಹಾಲ್ ದೊಡ್ಡದು ಮಾಡೋ ಮುಂಚೆ ಇದನ್ನ ನೆನಪಿಟ್ಕೊಳ್ಳಿ.

ಅಂತರ ಕಿರಿದು ಮಾಡೋದು

ಸರಿ, ಹಾಗಾದ್ರೆ ಯಾವಾಗಲೂ ಕೆಟ್ಟದ್ದನ್ನೇ ಯೋಚಿಸಿ ಏನೂ ಕಟ್ಟದೆ ಕೂರೋದಾ? ಅಲ್ಲ. 23ರಿಂದ 59 ಅನ್ನೋ ಅಂತರ ಪಿಲ್ಲರಿನ ತಪ್ಪಲ್ಲ, ನಮ್ಮ ಅಜ್ಞಾನದ ಅಳತೆ. ಪಿಲ್ಲರಿಗೆ ಇರೋದು ಒಂದೇ ಶಕ್ತಿ. ನಮಗೆ ಅದು ಗೊತ್ತಿಲ್ಲ ಅಷ್ಟೆ. ಗೊತ್ತು ಮಾಡ್ಕೊಂಡ್ರೆ ಅಂತರ ಕಿರಿದಾಗುತ್ತೆ.

ಮೊದಲು ಅಗ್ಗದ ಕೆಲಸ. ಒಂದು ಕಡೆ ಪ್ಲಾಸ್ಟರ್ ಒಡೆದು ಕಂಬಿ ನೋಡೋದು. ಕಂಬಿ ಎಲ್ಲೆಲ್ಲಿದೆ ಅಂತ ತೋರಿಸೋ ಸ್ಕ್ಯಾನರ್ ಕೂಡ ಇದೆ. ಆಮೇಲೆ ಸುತ್ತಿಗೆ ಥರದ ಒಂದು ಉಪಕರಣ, ರಿಬೌಂಡ್ ಹ್ಯಾಮರ್. ಕಾಂಕ್ರೀಟ್ ಮೇಲೆ ಬಡಿದಾಗ ಎಷ್ಟು ಹಿಂದಕ್ಕೆ ಪುಟಿಯುತ್ತೆ ಅಂತ ಅಳೆಯುತ್ತೆ. ಮೇಸ್ತ್ರಿ ಕೈ ಬಡಿದು ನೋಡಿದ್ರಲ್ಲ, ಅದರ ಅಳತೆ ಇರೋ ರೂಪ ಅನ್ನಬಹುದು. ಆದ್ರೆ ಅದು ಮೇಲ್ಮೈ ಮಾತ್ರ ಹೇಳುತ್ತೆ. ಒಳಗಿನದು ತಿಳಿಬೇಕಾದ್ರೆ ಕೊರೆದು ಕಾಂಕ್ರೀಟಿನ ಸಿಲಿಂಡರ್ ತುಂಡು ತೆಗೆದು ಲ್ಯಾಬಲ್ಲಿ ಒತ್ತಿ ನೋಡಬೇಕು. ಕನಿಷ್ಠ ಮೂರು ತುಂಡು ಬೇಕು ಅಂತ ಐಎಸ್ 456 ಹೇಳುತ್ತೆ. ಎಲ್ಲಿ ಕೊರೀಬೇಕು ಅನ್ನೋದನ್ನ ಎಂಜಿನಿಯರೇ ಹೇಳಬೇಕು. ಕಂಬಿ ಕತ್ತರಿಸಿಬಿಟ್ರೆ ಇಲ್ಲದ ತೊಂದರೆ ನಾವೇ ತಂದ್ಕೊಂಡ ಹಾಗೆ.

ನಮ್ಮ ಊಹೆಯ ಮನೆಯಲ್ಲಿ ಇಷ್ಟೂ ಮಾಡಿದ್ವಿ ಅಂದ್ಕೊಳ್ಳಿ. 16 ಎಂಎಂ ಟಾರ್ ಕಂಬಿ, ನಾಲ್ಕು, ಸ್ವಲ್ಪ ತುಕ್ಕು. ಕಾಂಕ್ರೀಟು 13ರಿಂದ 17. ಈಗ ಶಕ್ತಿ ಸುಮಾರು 37ರಿಂದ 46 ಟನ್. ಭಾರವನ್ನೂ ಸರಿಯಾಗಿ ಅಳೆದು, ಮೇಲಿನ ಮಹಡಿಗೆ ಇಟ್ಟಿಗೆ ಬದಲು ಹಗುರದ ಬ್ಲಾಕ್ ಹಾಕೋದು ಅಂತ ತೀರ್ಮಾನ ಮಾಡಿದ್ರೆ 31ರಿಂದ 36 ಟನ್.

ಈಗ ಅತಿ ಕೆಟ್ಟ ಜೋಡಿ ನೋಡಿ. ಶಕ್ತಿ 37, ಭಾರ 36. ಕೂದಲೆಳೆ ಅಂತರ, ಆದ್ರೂ ಪಾಸು. ಸುರಕ್ಷತೆಯ 1.5 ಪಟ್ಟು ಅಂತರವನ್ನ ಮೊದಲೇ ತೆಗೆದಿಟ್ಟಿದ್ದೀವಿ ಅನ್ನೋದೂ ನೆನಪಿರಲಿ. ಎಲ್ಲೂ ‘ಬಹುಶಃ’ ಅಂತ ಹೇಳಲಿಲ್ಲ, ಎಲ್ಲೂ ಶೇಕಡಾವಾರು ಸಾಧ್ಯತೆ ಹೇಳಲಿಲ್ಲ. ಇನ್ನೊಂದು ಥರ ಫಲಿತಾಂಶ ಬಂದಿದ್ರೆ, ಅಂದ್ರೆ 12 ಎಂಎಂ ಕಂಬಿ ತುಕ್ಕು ಹಿಡಿದು ಸಿಕ್ಕಿದ್ರೆ, ಆ ಅಪ್ಪನಿಗೆ ‘ಬೇಡ’ ಅಂತ ಹೇಳಕ್ಕೂ ನಮ್ಮ ಹತ್ರ ಕಾರಣ ಇರ್ತಿತ್ತು.

(ದಯವಿಟ್ಟು, ಈ ನಂಬರ್ ನೋಡಿ ಯಾರೂ ಮೋಲ್ಡ್ ಹಾಕ್ಬೇಡಿ. ಇದು ಒಂದು ಪಿಲ್ಲರಿನ, ನೇರ ಒತ್ತಡದ ಲೆಕ್ಕ ಮಾತ್ರ. ಪಾಯ, ಅದರ ಕೆಳಗಿನ ಮಣ್ಣು, ಬೀಮು, ಗಾಳಿ, ಭೂಕಂಪ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ ಬೇಕು.)

ಮತ್ತೆ ಫ್ಲೈಓವರಿಗೆ

ಈಗ ಮತ್ತೆ ತುಮಕೂರು ರಸ್ತೆಗೆ ಬರೋಣ. ಆ ಕೇಬಲ್ ಕೆಲಸ ಏನು ಅಂತ ಮೊದಲು ಹೇಳ್ತೀನಿ. ಶೆಲ್ಫಲ್ಲಿರೋ ಹತ್ತು ಪುಸ್ತಕಗಳನ್ನ ಎರಡೂ ಬದಿಯಿಂದ ಅಂಗೈಯಲ್ಲಿ ಒತ್ತಿ ಹಿಡಿದು ಹಾಗೇ ಎತ್ತಿ. ನಡುವಿನ ಪುಸ್ತಕ ಬೀಳಲ್ಲ. ಅಂಗೈ ಒತ್ತಡ ಕಡಿಮೆ ಮಾಡಿ, ನಡುವೆ ಜೋಲುತ್ತೆ. ಕಾಂಕ್ರೀಟಿಗೆ ಒತ್ತಡ ತಡೆಯೋ ಶಕ್ತಿ ಜಾಸ್ತಿ, ಎಳೆತ ತಡೆಯೋ ಶಕ್ತಿ ಕಡಿಮೆ. ಅದಕ್ಕೇ ಉಕ್ಕಿನ ಕೇಬಲ್ ಎಳೆದು ಬಿಗಿದು ಕಾಂಕ್ರೀಟನ್ನ ಸದಾ ಒತ್ತಿ ಹಿಡಿದಿರ್ತಾರೆ. ಆ ಅಂಗೈಗಳೇ ಕೇಬಲ್. ಕೇಬಲ್ಲಿಗೆ ತುಕ್ಕು ಹಿಡಿದ್ರೆ ಅಂಗೈ ಸಡಿಲ ಆದ ಹಾಗೆ.

ಬಂದ್ ಮಾಡಿದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರನ್ನ ಸಲಹೆಗೆ ಕರೆದರು. ಆಮೇಲೆ ಆಗಿದ್ದನ್ನ ಕ್ರಮವಾಗಿ ನೋಡಿ. 2022ರ ಫೆಬ್ರುವರಿ 16ರಂದು ಕಾರು, ಬೈಕಿನಂಥ ಲಘು ವಾಹನಗಳಿಗೆ ಮಾತ್ರ ಬಿಟ್ಟರು. ಲಾರಿ, ಬಸ್ಸು ಕೆಳಗಿನ ರಸ್ತೆಯಲ್ಲೇ. ಆಮೇಲೆ ಹೊಸದಾಗಿ 240 ಕೇಬಲ್ ಸೇರಿಸಿದರು. 2024ರ ಜನವರಿಯಲ್ಲಿ ಫ್ಲೈಓವರ್ ಮುಚ್ಚಿ ಭಾರದ ಪರೀಕ್ಷೆ ಮಾಡಿದರು. 2024ರ ಜುಲೈ 29ರಿಂದ ಭಾರೀ ವಾಹನಗಳಿಗೂ ಬಿಟ್ಟರು. ಆದ್ರೆ ಶುಕ್ರವಾರ ಭಾರೀ ವಾಹನ ಇಲ್ಲ, ಅದು ತಪಾಸಣೆ ಮತ್ತು ನಿರ್ವಹಣೆಯ ದಿನ ಅಂತ ಷರತ್ತು ಹಾಕಿದರು.

ಹೊರಗಿಂದ ನೋಡಿದವರಿಗೆ ‘ಎಷ್ಟು ವರ್ಷ ಎಳೀತಾರೆ’ ಅನ್ಸುತ್ತೆ. ನ್ಯಾಯವಾದ ಸಿಟ್ಟೇ. ಎರಡೂವರೆ ವರ್ಷ ಪೀಣ್ಯಕ್ಕೆ ಮಾಲು ತರೋ ಲಾರಿಗಳೆಲ್ಲ ಕೆಳಗೆ ತೆವಳಿದ್ವು. ಎಚ್ಚರಿಕೆಗೂ ಬೆಲೆ ಇದೆ, ಆ ಬೆಲೆ ಕೊಟ್ಟಿದ್ದು ಜನ. ಆದ್ರೆ ಇವತ್ತಿನ ಪಾಠದ ಕಣ್ಣಲ್ಲಿ ಆ ಮೆಟ್ಟಿಲುಗಳನ್ನ ಇನ್ನೊಂದ್ಸಲ ನೋಡಿ.

ಒಂದನೇ ಮೆಟ್ಟಿಲು: ಶಕ್ತಿಯ ಕೆಳತುದಿ ಎಲ್ಲಿದೆ ಅಂತ ಗೊತ್ತಿಲ್ಲ. ಹಾಗಾಗಿ ಬಂದ್.

ಎರಡನೇದು: ಶಕ್ತಿ ಸರಿಯಾಗಿ ಗೊತ್ತಿಲ್ಲದಿದ್ರೂ ಭಾರ ನಮ್ಮ ಕೈಯಲ್ಲಿದೆ. ಒಂದು ಕಾರು ಒಂದು, ಒಂದೂವರೆ ಟನ್. ಹಲವು ಆಕ್ಸಲ್‌ನ ದೊಡ್ಡ ಲಾರಿ ಲೋಡ್ ಸಮೇತ 40 ಟನ್ ದಾಟಬಹುದು. ಲಾರಿ ತಡೆದ್ರೆ ಭಾರದ ಮೇಲ್ತುದಿ ಒಂದೇ ಏಟಿಗೆ ಕೆಳಗೆ ಇಳಿಯುತ್ತೆ. ಬಲ ಗೊತ್ತಿಲ್ಲದಿದ್ರೆ ಭಾರಕ್ಕೆ ಮಿತಿ ಹಾಕು. ನಮ್ಮ ಮನೆಯಲ್ಲಿ ಹಗುರದ ಬ್ಲಾಕ್ ಹಾಕಿದ್ವಲ್ಲ, ಅದೇ ಉಪಾಯ.

ಮೂರನೇದು: ಹೊಸ ಕೇಬಲ್. ಹಳೆಯದರಲ್ಲಿ ಎಷ್ಟು ಉಳಿದಿದೆಯೋ ಇರಲಿ, ಶಕ್ತಿಯ ಕೆಳತುದಿಯನ್ನ ಮೇಲಕ್ಕೆತ್ತೋದು.

ನಾಲ್ಕನೇದು: ಭಾರದ ಪರೀಕ್ಷೆ. ಇದು ಈ ಇಡೀ ವಿದ್ಯೆಯ ಅತ್ಯಂತ ಸರಳ, ಅತ್ಯಂತ ಪ್ರಾಮಾಣಿಕ ಭಾಗ ಅಂತ ನನಗನ್ಸುತ್ತೆ. ತೂಕ ತುಂಬಿದ ಲಾರಿಗಳನ್ನ ತಂದು ಸೇತುವೆ ಮೇಲೆ ನಿಲ್ಲಿಸ್ತಾರೆ. ಎಷ್ಟು ಮಿಲಿಮೀಟರ್ ಬಾಗುತ್ತೆ ಅಂತ ಅಳೀತಾರೆ. ಆಮೇಲೆ ಲಾರಿ ತೆಗೆದು, ಎಷ್ಟು ಮೇಲೆ ಬರುತ್ತೆ ನೋಡ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ, ಇಂಥ ಕೇಬಲ್ ಬಿಗಿದ ಕಾಂಕ್ರೀಟಿನ ಸೇತುವೆ ಭಾರ ತೆಗೆದ 24 ಗಂಟೆಯಲ್ಲಿ, ಬಾಗಿದ್ದರ ಕನಿಷ್ಠ ಶೇ 85ರಷ್ಟು ಹಿಂದಕ್ಕೆ ಬರಬೇಕು. ಕೇಬಲ್ ಇಲ್ಲದ ಸಾಮಾನ್ಯ ಆರ್‌ಸಿಸಿಗೆ ಶೇ 75 ಸಾಕು.

ಯಾಕೆ ಹಿಂದಕ್ಕೆ ಬರಬೇಕು? ಮೋರಿ ಮೇಲೆ ಹಾಕಿದ ಹಲಗೆ ನೆನಪು ಮಾಡ್ಕೊಳ್ಳಿ. ದಾಟೋವಾಗ ಬಾಗುತ್ತೆ, ದಾಟಿದ ಮೇಲೆ ನೆಟ್ಟಗಾಗುತ್ತೆ. ಹಾಗಾದ್ರೆ ಒಳಗೆ ಏನೂ ಮುರಿದಿಲ್ಲ. ಬಾಗಿದ್ದು ಹಾಗೇ ಉಳಿದ್ರೆ ಒಳಗೆ ಏನೋ ಹೋಯ್ತು ಅಂತ ಅರ್ಥ. ಇಲ್ಲಿ ಯಾರ ಊಹೆಯೂ ಬೇಕಿಲ್ಲ. ‘ಇಷ್ಟು ಭಾರ ತಡೆದಿದೆ, ಮತ್ತೆ ನೆಟ್ಟಗಾಗಿದೆ.’ ಶಕ್ತಿಯ ಕೆಳತುದಿ ಇದಕ್ಕಿಂತ ಕೆಳಗಿಲ್ಲ ಅಂತ ಸೇತುವೆಯೇ ಬಾಯಿಬಿಟ್ಟು ಹೇಳಿದ ಹಾಗೆ.

ಐದನೇದು: ಶುಕ್ರವಾರ. ಪರೀಕ್ಷೆ ಹೇಳೋದು ಪರೀಕ್ಷೆಯ ದಿನದ ಸತ್ಯ. ತುಕ್ಕು ಅಲ್ಲಿಗೇ ನಿಲ್ಲಲ್ಲ. ಆದ್ದರಿಂದ ಮತ್ತೆ ಮತ್ತೆ ನೋಡ್ತಾ ಇರಬೇಕು.

ಈ ಲೆಕ್ಕಕ್ಕೂ ಮಿತಿ ಇದೆ

ಒಂದು ಎಚ್ಚರಿಕೆ ಹೇಳದೆ ಮುಗಿಸಿದ್ರೆ ತಪ್ಪಾಗುತ್ತೆ. ‘ಇಷ್ಟರಿಂದ ಇಷ್ಟು’ ಅನ್ನೋ ಲೆಕ್ಕ ಆ ಎರಡು ತುದಿಯಷ್ಟೇ ಪ್ರಾಮಾಣಿಕ. ಕಾಂಟ್ರಾಕ್ಟರಿಗೆ ಖುಷಿಯಾಗಲಿ ಅಂತ ಕೆಳತುದಿಯನ್ನ 10ರಿಂದ 15ಕ್ಕೆ ಏರಿಸಿದ್ರೆ, ಗಣಿತ ಏನೂ ಮಾತಾಡಲ್ಲ, ಪಾಸ್ ಅಂತ ಬರೆದುಕೊಡುತ್ತೆ. ಹಾಗೇ, ಪಟ್ಟಿಯಲ್ಲೇ ಇಲ್ಲದ ಅಪಾಯವನ್ನ ಯಾವ ಲೆಕ್ಕವೂ ಹಿಡಿಯಲ್ಲ. ಹನ್ನೊಂದೇ ವರ್ಷಕ್ಕೆ ಕೇಬಲ್ ಹೋಗುತ್ತೆ ಅಂದ್ಕೊಂಡು ಯಾರೂ ಫ್ಲೈಓವರ್ ಕಟ್ಟಲ್ಲ.

ಎದುರು ತಪ್ಪೂ ಇದೆ. ಎಲ್ಲ ಕೆಟ್ಟದ್ದೂ ಒಟ್ಟಿಗೇ ಆಗುತ್ತೆ ಅಂತ ಇಟ್ಕೊಂಡ್ರೆ ಊರಲ್ಲಿರೋ ಅರ್ಧ ಹಳೇ ಮನೆ ಕೆಡವಬೇಕಾಗುತ್ತೆ. ಅದಕ್ಕೇ ಹೇಳಿದ್ದು, ತುದಿಗಳನ್ನ ಹೆದರಿಕೆಯಿಂದಲೂ ಇಡಬಾರದು, ಆಸೆಯಿಂದಲೂ ಇಡಬಾರದು. ನೋಡಿ, ಅಳೆದು ಇಡಬೇಕು.

ನಮ್ಮ ಊರಿಗೆ ಇದು ಬರೀ ಪಾಠ ಅಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು, ನಮ್ಮ ಹೆಣ್ಣೂರು ಹತ್ತಿರದ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು, ಒಳಗಿದ್ದ ಕಾರ್ಮಿಕರು ಜೀವ ಕಳ್ಕೊಂಡರು. ಲೆಕ್ಕ ಯಾರು ತಪ್ಪಿದ್ರೂ, ಅದರ ಬೆಲೆ ಕೊಡೋರು ಹೆಚ್ಚಾಗಿ ಆ ಲೆಕ್ಕ ಮಾಡಿದವರಲ್ಲ. ಒಳಗಿದ್ದವರು.

ಹಾಗಾಗಿ, ಯಲಹಂಕದಲ್ಲಿ ಹಳೇ ಮನೆ ತಗೋತಿರಲಿ, ಯಶವಂತಪುರದಲ್ಲಿ ಮನೆ ಮೇಲೆ ಮಹಡಿ ಎತ್ತುತ್ತಿರಲಿ, ಹೆಬ್ಬಾಳದ ಪಿಜಿಯಲ್ಲಿ ನಿಮ್ಮ ತಲೆ ಮೇಲೆ ಹೊಸ ಫ್ಲೋರ್ ಏಳ್ತಾ ಇರಲಿ, ಮೂರು ಪ್ರಶ್ನೆ ಕೇಳಿ. ಒಂದು: ‘ಏನು ನೋಡಿ ಹೇಳಿದ್ರಿ?’ ಡ್ರಾಯಿಂಗ್ ನೋಡಿದ್ರಾ, ಕಂಬಿ ನೋಡಿದ್ರಾ, ಟೆಸ್ಟ್ ಮಾಡಿಸಿದ್ರಾ? ಎರಡು: ‘ಎಷ್ಟರಿಂದ ಎಷ್ಟು?’ ಒಂದೇ ನಂಬರ್ ಹೇಳಿದ್ರೆ ತುದಿ ಕೇಳಿ. ಮೂರು: ‘ನಿಮ್ಮ ಅಂದಾಜು ಎಷ್ಟು ತಪ್ಪಾಗಿದ್ರೂ ಇದು ನಿಲ್ಲುತ್ತೆ?’

ಒಳ್ಳೇ ಎಂಜಿನಿಯರಿಗೆ ಈ ಪ್ರಶ್ನೆ ಕೇಳಿದ್ರೆ ಕೋಪ ಬರಲ್ಲ. ‘ಕೂತ್ಕೊಳ್ಳಿ, ಹೇಳ್ತೀನಿ’ ಅಂತಾರೆ. ‘ಗಟ್ಟಿಯಾಗಿದೆ ಸಾರ್, ಯೋಚ್ನೆ ಮಾಡ್ಬೇಡಿ’ ಅಂತ ಮಾತ್ರ ಉತ್ತರ ಬಂದ್ರೆ, ಆಗ ಸ್ವಲ್ಪ ಯೋಚ್ನೆ ಮಾಡಿ.

ಇವತ್ತಿಗೆ ಇಷ್ಟು. ಮನೆಯಲ್ಲಿ ಮಹಡಿ ಎತ್ತೋ ಮಾತು ನಡೀತಿದ್ರೆ ಈ ಸಂಚಿಕೆನ ಅಪ್ಪ ಅಮ್ಮನಿಗೂ ಕೇಳಿಸಿ. ಸಿಗ್ನಲ್ ಬಿಟ್ಟಿರಬೇಕು, ಬಸ್ಸಲ್ಲಿ ಗಟ್ಟಿಯಾಗಿ ಹಿಡ್ಕೊಂಡು ನಿಂತ್ಕೊಳ್ಳಿ. ಮುಂದಿನ ವಾರ ಸಿಗೋಣ.